ಬಳ್ಳಾರಿ ಬಿಸಿಲಿಗೆ ಕ್ಯಾಂಪರ್ ಬ್ಯಾಟರಿ: ಯಾವುದು ತಗೋಬೇಕು, ಯಾವುದಕ್ಕೆ ದುಡ್ಡು ಹಾಕಬಾರದು

ಹೋದ ವರ್ಷ ಏಪ್ರಿಲ್‌ನಲ್ಲಿ ಸಣಾಪುರ ಕೆರೆ ಹತ್ತಿರ ನಮ್ಮ ಕ್ಯಾಂಪರ್, ಅಂದರೆ ಒಳಗೇ ಮಲಗುವ ಹಾಗೆ ಮಾಡಿದ ಗಾಡಿ, ನಿಲ್ಲಿಸಿಕೊಂಡು ಮಲಗಿದ್ದೆವು. ರಾತ್ರಿ ಎರಡು ಗಂಟೆಗೆ ಫ್ಯಾನ್ ನಿಂತಿತು. ಆ ಕಡೆ ಹೋದವರಿಗೆ ಗೊತ್ತು, ಹಗಲೆಲ್ಲ ಕಾದ ಬಂಡೆಗಳು ರಾತ್ರಿಯಿಡೀ ಝಳ ಬಿಡುತ್ತಿರುತ್ತವೆ, ಫ್ಯಾನ್ ಇಲ್ಲದೆ ತಗಡಿನ ಗಾಡಿಯೊಳಗೆ ಮಲಗೋದು ಅಂದರೆ ಇಡ್ಲಿ ಪಾತ್ರೆಯೊಳಗೆ ಮಲಗಿದ ಹಾಗೆ. ನಮ್ಮನೆಯವಳು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬ್ಯಾಟರಿಗೆ ಆಗ ಬರೀ ಹದಿನಾಲ್ಕು ತಿಂಗಳು, "ಮೂರು ವರ್ಷ ಕಣ್ಣು ಮುಚ್ಚಿ ಓಡಸ್ರಿ ಸರ" ಅಂತ ಹೇಳಿ ಕೊಟ್ಟಿದ್ದ ಮಾಲು ಅದು.

ಬೆಳಿಗ್ಗೆ ಗಂಗಾವತಿಗೆ ಹೋಗಿ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಆತ ಬ್ಯಾಟರಿಗಿಂತ ಮೊದಲು ಅದನ್ನು ಇಟ್ಟಿದ್ದ ಜಾಗ ನೋಡಿದ. ಡ್ರೈವರ್ ಸೀಟಿನ ಹಿಂದೆ, ಎಂಜಿನ್ ಶಾಖ ನೇರ ಬರುವ ತಗಡಿನ ಪೆಟ್ಟಿಗೆ. ಒಳಗೆ ಕೈ ಇಟ್ಟು ತಕ್ಷಣ ತೆಗೆದ. "ಇದರಾಗ ರೊಟ್ಟಿ ಸುಡಬಹುದು ಬಿಡ್ರಿ ಅಣ್ಣಾರ" ಅಂದ. ಅಂಗಡಿಯವನನ್ನು ಬೈಯಬೇಕು ಅಂತ ಹೋಗಿದ್ದವನು ಸುಮ್ನೆ ವಾಪಸ್ ಬಂದೆ.

ಆಮೇಲೆ ಗಾಡಿಯ ವೈರಿಂಗ್ ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸಿದೆ. ಪ್ರತಿ ಸಾಮಾನಿಗೂ ಎರಡು ಮೂರು ಆಯ್ಕೆ ಇರುತ್ತವೆ, ಯಾವುದು ಅಂತ ತಲೆ ಕೆಡಿಸಿಕೊಂಡು ಓದಿದ್ದು, ಕೇಳಿದ್ದು, ಕೈ ಸುಟ್ಟುಕೊಂಡಿದ್ದು ಎಲ್ಲ ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾಂಪರ್ ಬಗ್ಗೆ ನಮಗೆ ಸಿಗುವ ಸಲಹೆ ಹೆಚ್ಚಾಗಿ ಹಿಮ ಬೀಳುವ ದೇಶದವರದ್ದು. ಚಳಿಗಾಲದಲ್ಲಿ ಬ್ಯಾಟರಿ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಿ ಅನ್ನುತ್ತಾರೆ, ಬ್ಯಾಟರಿಗೆ ಹೀಟರ್ ಇರೋದು ತಗೊಳ್ಳಿ ಅನ್ನುತ್ತಾರೆ. ರಾಯಚೂರಿನಲ್ಲಿ ಬ್ಯಾಟರಿಗೆ ಹೀಟರ್! ನಮ್ಮ ಕಡೆ ಬ್ಯಾಟರಿ ಸಾಯೋದು ಎರಡೇ ಕಾರಣಕ್ಕೆ: ಒಂದು ಬಿಸಿಲು, ಇನ್ನೊಂದು ಗಾಡಿ ತಿಂಗಳುಗಟ್ಟಲೆ ಸುಮ್ಮನೆ ನಿಲ್ಲೋದು. ಸೀಸದ ಬ್ಯಾಟರಿಗೆ ಒಂದು ಹಳೇ ಲೆಕ್ಕ ಇದೆ, 25 ಡಿಗ್ರಿ ಮೇಲೆ ಪ್ರತಿ 8-10 ಡಿಗ್ರಿಗೆ ಆಯಸ್ಸು ಸುಮಾರು ಅರ್ಧ ಆಗುತ್ತದೆ. ಅಂದರೆ 25ರಲ್ಲಿ ನಾಲ್ಕು ವರ್ಷ ಬರಬೇಕಾದ್ದು 45ರಲ್ಲಿ ಒಂದು ವರ್ಷಕ್ಕೇ ಮುಗಿಯುತ್ತದೆ. ನನ್ನ ಹದಿನಾಲ್ಕು ತಿಂಗಳ ಲೆಕ್ಕ ಸರಿ ಹೋಯಿತಲ್ವಾ? ಹಾಗಾಗಿ ಮುಂದೆ ಹೇಳುವುದನ್ನೆಲ್ಲ ಈ ಎರಡು ವಿಷಯ ಇಟ್ಟುಕೊಂಡೇ ಹೋಲಿಸಿದ್ದೇನೆ.

ಮೊದಲು ನಿಮ್ಮ ಖರ್ಚು ಎಷ್ಟು ನೋಡಿ

ಅಂಗಡಿಗೆ ಹೋಗಿ "ದೊಡ್ಡದು ಕೊಡ್ರಿ" ಅನ್ನಬೇಡಿ. ನಮ್ಮ ಗಾಡಿಯಲ್ಲಿ 12 ವೋಲ್ಟಿನ ಸಣ್ಣ ಫ್ರಿಜ್ ಇದೆ, ನಮ್ಮ ಬೇಸಿಗೆಯಲ್ಲಿ ಅದು ದಿನಕ್ಕೆ ಸುಮಾರು 50 ಎಎಚ್ (ಆಂಪಿಯರ್-ಅವರ್, ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1 ಎಎಚ್) ತಿನ್ನುತ್ತದೆ. 25 ವಾಟಿನ ಫ್ಯಾನ್ ರಾತ್ರಿ ಹತ್ತು ಗಂಟೆ ಓಡಿದರೆ 20. ಎಲ್‌ಇಡಿ ದೀಪ, ಮೊಬೈಲ್ ಚಾರ್ಜು ಎಲ್ಲ ಸೇರಿ ಇನ್ನೊಂದು 10. ಒಟ್ಟು 80 ಎಎಚ್. ಇಂಡಕ್ಷನ್ ಒಲೆ ಓಡಿಸುವ ಆಸೆ ಇದ್ದರೆ ಬಿಟ್ಟುಬಿಡಿ. 1500 ವಾಟ್ ಅಂದರೆ ಬ್ಯಾಟರಿಯಿಂದ 140 ಆಂಪಿಯರ್ ಎಳೆಯುತ್ತದೆ. ಸಣ್ಣ ಗ್ಯಾಸ್ ಒಲೆ ಸಾಕು, ಒಗ್ಗರಣೆ ಮಂಡಕ್ಕಿಗೆ ಅದಕ್ಕಿಂತ ಹೆಚ್ಚು ಏನೂ ಬೇಡ.

ಮೂರು ಬ್ಯಾಟರಿ

ಮನೆ ಇನ್ವರ್ಟರ್‌ಗೆ ಹಾಕುವ ಟ್ಯೂಬುಲರ್, ಯುಪಿಎಸ್‌ಗೆ ಹಾಕುವ ಸೀಲ್ಡ್ ಎಸ್‌ಎಮ್‌ಎಫ್ (ಅದರ ಒಳಗಿರೋದು ಎಜಿಎಂ, ಅಂದರೆ ಆಸಿಡ್ ಹೀರಿಕೊಂಡ ಗಾಜಿನ ನಾರಿನ ಹಾಳೆ), ಮತ್ತೆ ಲಿಥಿಯಂ. ಬಳ್ಳಾರಿ, ಕೊಪ್ಪಳ, ಸಿಂಧನೂರು ಎಲ್ಲಿ ಹೋದರೂ ಮೊದಲಿನ ಎರಡು ಸಿಗುತ್ತವೆ. ಲಿಥಿಯಂ ಸಾಮಾನ್ಯವಾಗಿ ತರಿಸಬೇಕು.

ಟ್ಯೂಬುಲರ್ ಅಗ್ಗ, ಗಟ್ಟಿ, ನೀರು ಹಾಕುತ್ತಾ ಹೋದರೆ ಬಿಸಿಲನ್ನೂ ಒಂದಿಷ್ಟು ತಡೆಯುತ್ತದೆ. ನನ್ನ ಮೊದಲನೇ ಬ್ಯಾಟರಿ ಇದೇ. ಆದರೆ ಇದು ಒಂದು ಕಡೆ ಕೂತಿರಲಿ ಅಂತ ಮಾಡಿದ ಬ್ಯಾಟರಿ, ಸಂಡೂರು ಕಡೆಯ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಕುಣಿಯಲಿ ಅಂತ ಅಲ್ಲ. 150 ಎಎಚ್‌ದು ಆಸಿಡ್ ಸೇರಿ 50 ಕೆಜಿ ದಾಟುತ್ತದೆ. ಎಲ್ಲಕ್ಕಿಂತ ದೊಡ್ಡ ವಿಷಯ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ನೀವು ಮಲಗುವ ಕೋಣೆಯಲ್ಲೇ ಇದನ್ನು ಇಡೋದು ತಪ್ಪು. ಇಡಲೇಬೇಕು ಅಂದರೆ ಮುಚ್ಚಿದ ಪೆಟ್ಟಿಗೆ, ಅದರ ಮೇಲ್ಭಾಗದಿಂದ ಹೊರಗೆ ಪೈಪ್ ಇರಲೇಬೇಕು.

ಎಜಿಎಂ ಸೋರಲ್ಲ, ನೀರು ಕೇಳಲ್ಲ, ಎಲ್ಲರೂ ಇದನ್ನೇ ಹೇಳಿ ಮಾರುತ್ತಾರೆ. ನಿಜ. ಆದರೆ ನೀರು ಕೇಳಲ್ಲ ಅನ್ನೋದೇ ನಮ್ಮ ಕಡೆ ಇದರ ರೋಗ. ಶಾಖಕ್ಕೆ ಒಳಗಿನ ತೇವ ಒಣಗಿದರೆ ಮತ್ತೆ ತುಂಬಿಸೋಕೆ ದಾರಿಯಿಲ್ಲ. ತಂಪು ಊರಿನವರಿಗೆ ಇದು ಒಳ್ಳೆಯ ಆಯ್ಕೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ನನ್ನ ಪ್ರಕಾರ ಮೂರರಲ್ಲಿ ಕೊನೆಯ ಜಾಗ ಇದಕ್ಕೆ.

ಈ ಎರಡೂ ಸೀಸದವು. ಸೀಸವನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದಷ್ಟೂ ಆಯಸ್ಸು ಕಮ್ಮಿ. ಅಂದರೆ ನನ್ನ 80 ಎಎಚ್ ಖರ್ಚಿಗೆ 160 ಎಎಚ್ ಬೇಕು. ಲಿಥಿಯಂ ಆದರೆ 80-90 ಪರ್ಸೆಂಟ್ ಬಳಸಬಹುದು, 100 ಎಎಚ್ ಸಾಕಾಗುತ್ತದೆ, ತೂಕ 12 ಕೆಜಿ ಆಸುಪಾಸು. ಬೆಲೆ ಹೋಲಿಸುವಾಗ ಇದನ್ನ ಮರೀಬೇಡಿ. 100 ಎಎಚ್ ಸೀಸಕ್ಕೂ 100 ಎಎಚ್ ಲಿಥಿಯಂಗೂ ಹೋಲಿಸಿದರೆ ಲಿಥಿಯಂ ಜೇಬು ಸುಡುವ ಹಾಗೆ ಕಾಣುತ್ತದೆ, ಬಳಸಬಹುದಾದ ಎಎಚ್‌ಗೆ ಹೋಲಿಸಿದರೆ ಅಷ್ಟು ದೂರ ಇಲ್ಲ. ಹಾಗಂತ ಸೀಸಕ್ಕೂ ಒಂದು ಲಾಭ ಇದೆ, ಹಳೇ ಬ್ಯಾಟರಿ ಅಂಗಡಿಗೆ ವಾಪಸ್ ಕೊಟ್ಟರೆ ತೂಕದ ಮೇಲೆ ದುಡ್ಡು ಮುರಿದುಕೊಳ್ಳುತ್ತಾರೆ.

ಲಿಥಿಯಂ ಅಂದಾಗ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಮಾತ್ರ. ಒಂದು ಸೆಲ್ 3.2 ವೋಲ್ಟ್, ನಾಲ್ಕು ಸೇರಿ 12.8. ಹಳೇ ಎಲೆಕ್ಟ್ರಿಕ್ ಸ್ಕೂಟರಿನ ಪ್ಯಾಕ್ ಬಿಚ್ಚಿ ಅಗ್ಗಕ್ಕೆ ಕಟ್ಟಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಅವುಗಳಲ್ಲಿ ಎಷ್ಟೋ ಎನ್‌ಎಂಸಿ ಅನ್ನುವ ಬೇರೆ ಜಾತಿಯ ಲಿಥಿಯಂ ಸೆಲ್‌ಗಳು, ಶಾಖಕ್ಕೆ ಎಲ್‌ಎಫ್‌ಪಿಗಿಂತ ಬೇಗ ಕೆರಳುತ್ತವೆ, ಬೆಂಕಿ ಹಿಡಿದರೆ ಆರಿಸೋದು ಕಷ್ಟ. ಅಗ್ಗದ ಆಸೆಗೆ ಹೋಗಿ ಮುಗ್ಗಲು ಜೋಳ ತಂದರು ಅಂತಾರಲ್ಲ, ಹಾಗೆ. ಮುಗ್ಗಲು ಜೋಳವಾದರೆ ರೊಟ್ಟಿ ಕೆಡುತ್ತದೆ ಅಷ್ಟೇ, ಇದು ಮಲಗಿದಾಗ ಕೆಡುವಂಥದ್ದು. ಇನ್ನೊಂದು, 100 ಎಎಚ್ ಅಂತ ಬರೆದು ತೂಕ ಎಂಟು ಕೆಜಿ ಇದ್ದರೆ ಕೈ ಬಿಡಿ, ಒಳಗೆ ಅಷ್ಟು ಸೆಲ್ ಇರಲ್ಲ.

ಎಲ್‌ಎಫ್‌ಪಿ ಬಿಸಿಲಿಗೆ ಅಂಜಲ್ಲ ಅಂತ ಅಲ್ಲ. ಹೆಚ್ಚಿನವುಗಳ ಕಾಗದದಲ್ಲಿ ಚಾರ್ಜ್ ಮಾಡೋಕೆ 45 ಡಿಗ್ರಿವರೆಗೆ ಅಂತ ಇರುತ್ತದೆ. ಅದರ ಮೇಲೆ ಹೋಗುತ್ತಾ ಹೋದರೆ ಒಂದು ಹಂತದಲ್ಲಿ ಒಳಗಿನ ಬಿಎಮ್‌ಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಎಲ್ಲ ಬಂದ್ ಮಾಡುತ್ತದೆ. ಕೊಳ್ಳುವಾಗ ಎಲ್ಲರೂ ಚಳಿಗೆ ಕಟ್ ಆಗುತ್ತಾ ಅಂತ ಕೇಳುತ್ತಾರೆ, ನೀವು ಎಷ್ಟು ಡಿಗ್ರಿ ಶಾಖಕ್ಕೆ ಕಟ್ ಆಗುತ್ತದೆ ಅಂತ ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಬೇರೆ ಅಂಗಡಿ.

ನಾನು ಕೊನೆಗೆ ಎಲ್‌ಎಫ್‌ಪಿ ಹಾಕಿಸಿದೆ. ವರ್ಷಕ್ಕೆ ಎರಡು ಸಲ ಆನೆಗೊಂದಿಗೋ ಮುದಗಲ್ಲಿಗೋ ಹೋಗಿ ಒಂದು ರಾತ್ರಿ ಇದ್ದು ಬರುವವರಿಗೆ ಅದು ಬೇಡ, ಟ್ಯೂಬುಲರ್ ಸಾಕು, ಗಾಳಿ ಹೋಗುವ ಪೈಪ್ ಹಾಕಿಸಿ. ತಿಂಗಳಿಗೆ ನಾಲ್ಕೈದು ರಾತ್ರಿ ಗಾಡಿಯಲ್ಲೇ ಇರುವವರು ಎಲ್‌ಎಫ್‌ಪಿ ಹಾಕಿಸಿ. ಯಾವುದೇ ಹಾಕಿದರೂ ಜಾಗ ಎಂಜಿನ್‌ನಿಂದ ದೂರ, ನೆಲಕ್ಕೆ ಹತ್ತಿರ, ಬಿಸಿಲು ಬೀಳುವ ಗೋಡೆಗೆ ತಾಗದ ಹಾಗೆ. ನನ್ನದು ಈಗ ಹಿಂದಿನ ಮಂಚದ ಕೆಳಗಿದೆ, ಪಕ್ಕದಲ್ಲಿ ಕಂಪ್ಯೂಟರ್‌ಗೆ ಹಾಕುವಂಥ ಒಂದು ಪುಟ್ಟ ಫ್ಯಾನ್.

ಓಡುವಾಗ ಚಾರ್ಜ್: ರಿಲೇ ಸಾಕಾ, ಡಿಸಿ-ಡಿಸಿ ಬೇಕಾ

ಹಳೇ ಗಾಡಿ, ಸೀಸದ ಬ್ಯಾಟರಿ ಇದ್ದರೆ ವೋಲ್ಟೇಜ್ ನೋಡಿ ತಾನೇ ಕೂಡಿಸುವ ರಿಲೇ ಸಾಕು. ಎಂಜಿನ್ ಸ್ಟಾರ್ಟ್ ಆಗಿ ವೋಲ್ಟೇಜ್ 13.3ರ ಮೇಲೆ ಬಂದಾಗ ಎಂಜಿನ್ ಬ್ಯಾಟರಿ, ಈ ಕ್ಯಾಂಪರ್ ಬ್ಯಾಟರಿ ಎರಡನ್ನೂ ಸೇರಿಸುತ್ತದೆ, 12.8ಕ್ಕೆ ಇಳಿದರೆ ಬಿಡಿಸುತ್ತದೆ. ಅಗ್ಗ, ಕೆಡೋದು ಕಮ್ಮಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಕೆಲವಕ್ಕೆ ಡೀಸೆಲ್ ಉಳಿಸೋಕೆ ಅಂತ ಕಂಪ್ಯೂಟರೇ ಡೈನಮೋ ವೋಲ್ಟೇಜನ್ನು ಏರಿಸಿ ಇಳಿಸಿ ಮಾಡುತ್ತದೆ. ಅಲ್ಲಿ ರಿಲೇ ಪದೇ ಪದೇ ಬಿಡುತ್ತದೆ, ಬ್ಯಾಟರಿ ಎಂದೂ ತುಂಬಲ್ಲ. ಲಿಥಿಯಂ ಇದ್ದರಂತೂ ರಿಲೇ ಬೇಡವೇ ಬೇಡ. ಲಿಥಿಯಂ ಹಸಿದ ಕರು ಇದ್ದ ಹಾಗೆ, ಎಷ್ಟು ಕೊಟ್ಟರೂ ಎಳೆಯುತ್ತದೆ. ಟ್ರಾಫಿಕ್‌ನಲ್ಲಿ ಗಾಡಿ ನಿಂತು ಎಂಜಿನ್ ನಿಧಾನ ತಿರುಗುವಾಗ ಡೈನಮೋಗೆ ಗಾಳಿ ಕಮ್ಮಿ, ಲೋಡ್ ಪೂರ್ತಿ, ಹೊರಗೆ 42 ಡಿಗ್ರಿ. ಸುಡುತ್ತದೆ. ಡೈನಮೋಗೂ ಬ್ಯಾಟರಿಗೂ ನಡುವೆ ಕೂರುವ ಡಿಸಿ-ಡಿಸಿ ಚಾರ್ಜರ್, ಎಳೆಯುವ ಆಂಪಿಯರ್‌ಗೆ ಕಡಿವಾಣ ಹಾಕುತ್ತದೆ, ಬ್ಯಾಟರಿಗೆ ಬೇಕಾದ ವೋಲ್ಟೇಜನ್ನೇ ಕೊಡುತ್ತದೆ. ದೊಡ್ಡದು ಬೇಡ, 20 ಆಂಪಿಯರ್‌ದು ಹಾಕಿಸಿದ್ದೇನೆ. ಬಳ್ಳಾರಿಯಿಂದ ರಾಯಚೂರಿಗೆ ಹೋಗುವಷ್ಟರಲ್ಲಿ ಹಿಂದಿನ ರಾತ್ರಿಯ ಖರ್ಚಿನ ದೊಡ್ಡ ಪಾಲು ವಾಪಸ್ ಬರುತ್ತದೆ.

ಸೋಲಾರ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. 200 ವಾಟಿನ ಪ್ಯಾನೆಲ್ ಒಳ್ಳೆಯ ದಿನ 50-55 ಎಎಚ್ ಕೊಡುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ನೋಡಿಕೊಳ್ಳೋಕೆ ಸಾದಾ ಪಿಡಬ್ಲ್ಯುಎಂ ಕಂಟ್ರೋಲರ್ರೋ, ಪ್ಯಾನೆಲ್‌ನ ಹೆಚ್ಚಿನ ವೋಲ್ಟೇಜನ್ನೂ ಬಳಸಿಕೊಳ್ಳುವ ಎಂಪಿಪಿಟಿಯೋ ಅನ್ನುವ ಜಗಳದಲ್ಲಿ ಒಂದು ಗುಟ್ಟು ಇದೆ. ಎಂಪಿಪಿಟಿಯ ಲಾಭ ತಂಪಿನಲ್ಲಿ ಜಾಸ್ತಿ. ಗಾಡಿ ಮೇಲಿನ ಪ್ಯಾನೆಲ್ 65 ಡಿಗ್ರಿ ಕಾದರೆ ಅದರ ವೋಲ್ಟೇಜ್ ತಾನೇ ಇಳಿದು ಬ್ಯಾಟರಿ ಹತ್ತಿರ ಬರುತ್ತದೆ, ಆಗ ಎರಡಕ್ಕೂ ಅಂತರ ಕಮ್ಮಿ. 12 ವೋಲ್ಟಿನ ಒಂದು ಸಣ್ಣ ಪ್ಯಾನೆಲ್ ಮಾತ್ರ ಇದ್ದರೆ ಪಿಡಬ್ಲ್ಯುಎಂ ನಡೆಯುತ್ತದೆ. ಮನೆ ಮೇಲೆ ಹಾಕುವ ದೊಡ್ಡ ಪ್ಯಾನೆಲ್ ಹಾಕಿದರೆ ಎಂಪಿಪಿಟಿಯೇ ಬೇಕು. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್, ಬಿಚ್ಚುವಾಗ ಉಲ್ಟಾ. ಪ್ಯಾನೆಲ್ ಮೇಲಿನ ಕೆಂಪು ದೂಳು ವಾರಕ್ಕೊಮ್ಮೆ ಒರೆಸಿ.

ಹೊರಗಿನ ಕರೆಂಟು

ನಿಜವಾದ ಅಪಾಯ ಇಲ್ಲಿದೆ, ಆದರೆ ಯಾರೂ ಇದಕ್ಕೆ ದುಡ್ಡು ಹಾಕಲ್ಲ. ಬ್ಯಾಟರಿ ಕೆಟ್ಟರೆ ನಿದ್ದೆ ಹೋಗುತ್ತದೆ. ಇದು ಕೆಟ್ಟರೆ ಗಾಡಿಯ ಮೈಗೆ ಕರೆಂಟು ಬರುತ್ತದೆ.

ನಮ್ಮಲ್ಲಿ ಕ್ಯಾಂಪರ್‌ಗಳಿಗೆ ಅಂತ ಕರೆಂಟಿನ ಕಂಬ ಇಟ್ಟ ಜಾಗ ಸಿಗೋದು ಅಪರೂಪ. ಹೋಂ ಸ್ಟೇ, ಡಾಬಾ, ಇಲ್ಲ ಯಾರದೋ ತೋಟದ ಮನೆ, ಅಲ್ಲಿನ ಒಂದು ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಎಳೆದುಕೊಳ್ಳುತ್ತೇವೆ. ಆ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯೋ ಇಲ್ಲವೋ, ಫೇಸ್ ನ್ಯೂಟ್ರಲ್ ಅದಲು ಬದಲಾಗಿದೆಯೋ, ದೇವರಿಗೇ ಗೊತ್ತು. ಗದ್ದೆ ನಡುವಿನ ಮನೆಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿಗೆ 230 ಇರಬೇಕಾದ್ದು 170ಕ್ಕೆ ಇಳಿದದ್ದನ್ನು ನಾನೇ ಮೀಟರ್ ಹಿಡಿದು ನೋಡಿದ್ದೇನೆ. ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಿತ್ತರೆ ಅದೇ ಪ್ಲಗ್ಗಿಗೆ 400ರ ಹತ್ತಿರ ಬರಬಹುದು.

ಆಯ್ಕೆಗಳು ನಾಲ್ಕು. ಮೊದಲನೆಯದು, ಅಮೆರಿಕದ ಆರ್‌ವಿಗಳಿಗೆ (ಅಲ್ಲಿನ ಕ್ಯಾಂಪರ್‌ಗಳಿಗೆ) ಮಾರುವ ದೊಡ್ಡ ಸರ್ಜ್ ಪ್ರೊಟೆಕ್ಟರ್. ವಿಡಿಯೋ ನೋಡಿ ತರಿಸುವವರಿದ್ದಾರೆ. ಅದು 120 ವೋಲ್ಟಿನ ಊರಿಗೆ ಮಾಡಿದ್ದು, ನಮ್ಮ 230ಕ್ಕೆ ಬರಲ್ಲ, ಪ್ಲಗ್ಗೂ ಕೂಡಲ್ಲ. ಎರಡನೆಯದು, ಟಿವಿಗೆ ಹಾಕುವ ಸ್ಪೈಕ್ ಗಾರ್ಡ್. ಕ್ಷಣ ಮಾತ್ರದ ಏಟಿಗೆ ಅದು ಸರಿ, ಹತ್ತು ನಿಮಿಷ 400 ನಿಂತರೆ ಮೊದಲು ಅದೇ ಸುಡುತ್ತದೆ. ಮೂರನೆಯದು ಸ್ಟೆಬಿಲೈಜರ್. ಕಮ್ಮಿ ವೋಲ್ಟೇಜನ್ನು ಎತ್ತಿಕೊಡುತ್ತದೆ, ಆದರೆ ಭಾರ, ಜಾಗ ತಿನ್ನುತ್ತದೆ, ಗಾಡಿಯೊಳಗೆ ಇನ್ನೊಂದು ಬಿಸಿ ಡಬ್ಬಿ. ನಾಲ್ಕನೆಯದು ನನಗೆ ಹಿಡಿಸಿದ್ದು, ವೋಲ್ಟೇಜ್ ಹೆಚ್ಚು ಕಮ್ಮಿ ಆದರೆ ಕಟ್ ಮಾಡುವ ಸಣ್ಣ ರಿಲೇ. ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಪಕ್ಕದಲ್ಲೇ ಕೂರುತ್ತದೆ. 180ರ ಕೆಳಗೆ, 260ರ ಮೇಲೆ ಹೋದರೆ ಕಟ್, ವೋಲ್ಟೇಜ್ ಸರಿಯಾದ ಮೂರು ನಿಮಿಷದ ಮೇಲೆ ವಾಪಸ್ ಕೊಡು, ಹೀಗೆ ಸೆಟ್ ಮಾಡಿದ್ದೇನೆ. ಅದರ ಜೊತೆ ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಬಿಡಿಸುವ ಡಬಲ್ ಪೋಲ್ ಎಂಸಿಬಿ, 30 ಮಿಲಿಆಂಪಿಯರ್ ಕರೆಂಟು ಸೋರಿದರೂ ಕಟ್ ಮಾಡುವ ಆರ್‌ಸಿಸಿಬಿ. ಈ ಮೂರೂ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಮಾನು. ಆರ್‌ಸಿಸಿಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಮಳೆಯಲ್ಲಿ ಬರಿಗಾಲಲ್ಲಿ ನಿಂತು ಗಾಡಿ ಬಾಗಿಲು ಮುಟ್ಟುವಾಗ ಜೀವ ಉಳಿಸೋದು ಅದೇ.

ಇನ್ನೊಂದು ಉಪಾಯ. ಹೊರಗಿನ ಕರೆಂಟನ್ನು ಗಾಡಿಯ ಪ್ಲಗ್ಗುಗಳಿಗೆ ಕೊಡಲೇಬೇಡಿ. ಅದು ಬರೀ ಬ್ಯಾಟರಿ ಚಾರ್ಜರ್‌ಗೆ ಹೋಗಲಿ, ಒಳಗಿನ ಎಲ್ಲವೂ ಬ್ಯಾಟರಿಯಿಂದಲೇ ಓಡಲಿ. ಏರಿಳಿತ ಏನೇ ಬಂದರೂ ಏಟು ತಿನ್ನೋದು ಚಾರ್ಜರ್ ಒಂದೇ. ಮೂರು ಬಲ್ಬಿನ ಸಾಕೆಟ್ ಟೆಸ್ಟರ್ ಒಂದು ಜೇಬಿನಲ್ಲಿರಲಿ, ಅರ್ಥ್ ಇಲ್ಲ ಅಂತ ತೋರಿಸಿದರೆ ಆ ರಾತ್ರಿ ಪ್ಲಗ್ ಹಾಕಬೇಡಿ. ಎಕ್ಸ್‌ಟೆನ್ಷನ್ ವೈರು 2.5 ಸ್ಕ್ವೇರ್ ಎಂಎಂ ಇರಲಿ, ಸುರುಳಿ ಪೂರ್ತಿ ಬಿಚ್ಚಿ ಹಾಕಿ, ಸುತ್ತಿಟ್ಟ ವೈರು ಒಳಗೊಳಗೇ ಬೇಯುತ್ತದೆ. ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಎಲ್ಲ ಬಿಟ್ಟು ಮೊದಲು ಪ್ಲಗ್ ಕೀಳಿ.

ಫ್ಯೂಸು, ವೈರು

ಫ್ಯೂಸ್ ಇರೋದು ಫ್ರಿಜ್ ಕಾಯೋಕಲ್ಲ, ವೈರು ಕಾಯೋಕೆ. ಹಾಗಾಗಿ ವೈರು ಎಷ್ಟು ತಡೆಯುತ್ತದೋ ಅದಕ್ಕೆ ತಕ್ಕ ಫ್ಯೂಸ್. ಮೇನ್ ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಸೀಸಕ್ಕೆ ಎಎನ್‌ಎಲ್ ಫ್ಯೂಸ್ ಸಾಕು. ಲಿಥಿಯಂ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಒಮ್ಮೆಗೇ ಹರಿಯುತ್ತದೆ, ಫ್ಯೂಸ್ ಸುಟ್ಟರೂ ಅದರ ನಡುವೆ ಕಿಡಿ ಹಾರಿ ಕರೆಂಟು ಮುಂದುವರಿಯಬಹುದು, ಅದಕ್ಕೆ ಆ ಕಿಡಿಯನ್ನೂ ಆರಿಸುವ ಕ್ಲಾಸ್-ಟಿ ಫ್ಯೂಸ್ ಹಾಕಿ. ಬೆಲೆ ಜಾಸ್ತಿ, ತರಿಸಬೇಕು, ಆದರೂ ಹಾಕಿ. ನಮ್ಮ 1000 ವಾಟಿನ ಇನ್ವರ್ಟರ್‌ಗೆ 35 ಸ್ಕ್ವೇರ್ ಎಂಎಂ ಕೇಬಲ್, 125 ಆಂಪಿಯರ್ ಫ್ಯೂಸ್ ಇದೆ.

ವೈರು ಸಣ್ಣದಾದರೆ ಏನಾಗುತ್ತದೆ ಅಂತ ಲೆಕ್ಕ ನೋಡಿ. ಐದು ಮೀಟರ್ ದೂರಕ್ಕೆ 10 ಆಂಪಿಯರ್ ಹರಿದರೆ 2.5 ಸ್ಕ್ವೇರ್ ಎಂಎಂ ವೈರಿನಲ್ಲಿ 0.7 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 6 ಹಾಕಿದರೆ 0.3. ಫ್ರಿಜ್ "ಬ್ಯಾಟರಿ ಕಮ್ಮಿ" ಅಂತ ಸುಮ್ಮಸುಮ್ಮನೆ ನಿಲ್ಲೋದು ಎಷ್ಟೋ ಸಲ ಇದೇ ಕಾರಣಕ್ಕೆ, ಜನ ಬ್ಯಾಟರಿ ಬದಲಾಯಿಸುತ್ತಾರೆ.

ಇನ್ನು ಇಲಿ. ಗಂಗಾವತಿ ಕಡೆ ಒಂದು ರೈಸ್ ಮಿಲ್ ಪಕ್ಕ ನಾಲ್ಕು ದಿನ ಗಾಡಿ ನಿಲ್ಲಿಸಿದ್ದೆ, ಸೋನಾ ಮಸೂರಿ ತಿಂದು ಕೊಬ್ಬಿದ ಇಲಿಗಳು ಊಟ ಆದಮೇಲೆ ಎಲೆ ಅಡಿಕೆ ಹಾಕಿಕೊಂಡ ಹಾಗೆ ನನ್ನ ದೀಪದ ವೈರು ಅಗಿದಿದ್ದವು. 10 ಆಂಪಿಯರ್ ಫ್ಯೂಸ್ ಹೋಯಿತು, ಬೇರೆ ಏನೂ ಆಗಲಿಲ್ಲ. ಈಗ ವೈರುಗಳೆಲ್ಲ ಗಟ್ಟಿ ಪೈಪಿನೊಳಗೆ.

ಗಾಡಿ ನಿಂತಿರುವಾಗ

ಸೀಸಕ್ಕೂ ಲಿಥಿಯಂಗೂ ಇಲ್ಲಿ ಪೂರ್ತಿ ಉಲ್ಟಾ. ಸೀಸವನ್ನು ತುಂಬಿಸಿಡಬೇಕು. ಅರ್ಧಂಬರ್ಧ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಏನು ಚಾರ್ಜ್ ಮಾಡಿದರೂ ಬರಲ್ಲ. ಲಿಥಿಯಂ ಅನ್ನು ಅರ್ಧ, ಅರ್ಧಕ್ಕಿಂತ ತುಸು ಮೇಲೆ ಇಟ್ಟು ಸ್ವಿಚ್ ಬಂದ್ ಮಾಡಿ. ತುಂಬಿಸಿ ಬಿಸಿಲಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಅದೇ ಅದಕ್ಕೆ ಕೆಟ್ಟದ್ದು.

ಸೀಸಕ್ಕೆ ಫ್ಲೋಟ್ ಚಾರ್ಜರ್ (ತುಂಬಿದ್ದನ್ನು ತುಂಬಿದ ಹಾಗೇ ಉಳಿಸುವ ಚಾರ್ಜರ್) ತಗೊಳ್ಳುವಾಗ ಶಾಖ ನೋಡಿ ವೋಲ್ಟೇಜ್ ಇಳಿಸುವ ವೈರು ಇರುವಂಥದ್ದೇ ಕೇಳಿ. 25 ಡಿಗ್ರಿಗೆ ಹೇಳಿದ ವೋಲ್ಟೇಜನ್ನೇ 40ರಲ್ಲಿ ಕೊಟ್ಟರೆ ನೀರು ಕುದಿಸಿ ಒಣಗಿಸುತ್ತದೆ, ಸುಮಾರು 0.3-0.4 ವೋಲ್ಟ್ ಇಳಿಸಬೇಕು. ಈ ವೈರಿಲ್ಲದ ಅಗ್ಗದ ಚಾರ್ಜರ್ ಬೇಸಿಗೆಯಲ್ಲಿ ಹಚ್ಚಿಡೋದಕ್ಕಿಂತ ಹದಿನೈದು ದಿನಕ್ಕೊಮ್ಮೆ ಹಚ್ಚಿ ತೆಗೆಯೋದು ವಾಸಿ.

ನೀರು ಹಾಕೋದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು ನಮ್ಮಲ್ಲಿ ಕೊಡದ ತಳದಲ್ಲಿ ಬಿಳಿ ಪದರ ಕಟ್ಟುವಂಥದ್ದು, ಬ್ಯಾಟರಿಗೆ ಅದು ವಿಷ. ಆರ್‌ಒ ನೀರೂ ಬೇಡ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದರೆ ಅಡುಗೆ ಸೋಡಾ ಬೆರೆಸಿದ ಬಿಸಿ ನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿ. ಸೋಡಾ ನೀರು ಒಳಗೆ ಹೋಗದ ಹಾಗೆ ಮುಚ್ಚಳ ಬಿಗಿ ಮಾಡಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್.

ಎಷ್ಟು ಉಳಿದಿದೆ ಅಂತ ನೋಡೋಕೆ ಸೀಸಕ್ಕೆ ವೋಲ್ಟ್ ಮೀಟರ್ ಸಾಕು. ರಾತ್ರಿ ಏನೂ ಓಡಿಸದೆ ಬಿಟ್ಟು ಬೆಳಿಗ್ಗೆ ನೋಡಿದಾಗ 12.6-12.7 ಇದ್ದರೆ ತುಂಬಿದೆ, 12.1-12.2 ಅಂದರೆ ಅರ್ಧ. ಲಿಥಿಯಂಗೆ ಈ ಲೆಕ್ಕ ನಡೆಯಲ್ಲ, ಮುಕ್ಕಾಲು ಭಾಗ ಖಾಲಿ ಆಗುವವರೆಗೂ 13ರ ಆಸುಪಾಸೇ ತೋರಿಸುತ್ತಾ ಇದ್ದು ಆಮೇಲೆ ಒಮ್ಮೆಗೇ ಬೀಳುತ್ತದೆ. ಅದಕ್ಕೆ ಶಂಟ್ (ಕರೆಂಟು ಅಳೆಯುವ ಪಟ್ಟಿ) ಹಾಕಿ ಒಳಗೆ ಬಂದದ್ದು ಹೊರಗೆ ಹೋದದ್ದು ಎಣಿಸುವ ಮೀಟರ್ ಬೇಕು.

ಕೊನೆಗೆ ಒಂದು ಕಟ್-ಆಫ್ ಸ್ವಿಚ್. ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಎಲ್ಲ ಸೇರಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಎಎಚ್, ತಿಂಗಳಿಗೆ 36. ನಮ್ಮ ಗಾಡಿ ಈಗ ಮನೆ ಮುಂದಿನ ಬೇವಿನ ಮರದ ಕೆಳಗೆ ನಿಂತಿದೆ, ಸ್ವಿಚ್ ಬಂದ್, ಬ್ಯಾಟರಿ 60 ಪರ್ಸೆಂಟ್. ಬೇವಿನ ಹಣ್ಣು ಬಿದ್ದು ಪ್ಯಾನೆಲ್ ಅಂಟು ಅಂಟಾಗಿದೆ, ಭಾನುವಾರ ತೊಳೀಬೇಕು.